ಮುತ್ಯಾನ ದುಡಿಮೆಯ ಬದುಕನ್ನು ಬರೆದಿಡುವುದು ಹೇಗೆ: ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಮನೆಗಳಿಗೊಂದು ಮಾರ್ಗದರ್ಶಿ

ನಮ್ಮ ಕಡೆ ಅಜ್ಜನನ್ನು ಮುತ್ಯಾ ಎಂದು ಕರೆಯುತ್ತೇವೆ. ಮುತ್ಯಾ ತೀರಿಕೊಂಡ ಮನೆಯಲ್ಲಿ ದಿವಸದ ಊಟಕ್ಕೆ ಕುಳಿತವರೆಲ್ಲರೂ "ದುಡಿದು ದುಡಿದು ಸವೆದ ಜೀವ, ಮಕ್ಕಳು ಮೊಮ್ಮಕ್ಕಳೆಂದರೆ ಪ್ರಾಣ" ಎಂದು ಹೇಳುತ್ತಾರೆ. ಆ ಮಾತು ನಿಜವೇ. ಆದರೆ ಅದೇ ಮಾತನ್ನು ಪಕ್ಕದ ಮನೆಯ ಮುತ್ಯಾನಿಗೂ ಹೇಳಿರುತ್ತಾರೆ, ಮುಂದಿನ ಓಣಿಯ ಮುತ್ಯಾನಿಗೂ ಹೇಳಿರುತ್ತಾರೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಮನೆಯಲ್ಲಿ ಆ ಒಂದು ಮಾತು ಮತ್ತು ಹಾರ ಹಾಕಿದ ಒಂದು ಫೋಟೋ ಮಾತ್ರ ಉಳಿದು, ಐವತ್ತು ವರ್ಷ ಅವನು ಯಾವ ಹೊಲ ಉತ್ತ, ಯಾರ ಸಾಲ ತೀರಿಸಿದ, ಯಾವ ಮಗಳ ಲಗ್ನಕ್ಕೆ ಏನು ಮಾರಿದ ಎಂಬುದನ್ನು ಹೇಳಬಲ್ಲವರು ಒಬ್ಬೊಬ್ಬರಾಗಿ ಹೋಗಿಬಿಟ್ಟಿರುತ್ತಾರೆ. ಆ ವಿವರಗಳನ್ನು ಕೂಡಿಸಿ, ವರ್ಷ ಗುರುತಿಸಿ, ಮನೆಯವರೆಲ್ಲ ಓದುವಂಥ ಒಂದು ಸಣ್ಣ ಪುಸ್ತಕ ಮಾಡುವ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ನನ್ನ ಮುತ್ಯಾ ಚಿತ್ತಾಪುರ ತಾಲೂಕಿನ ಒಂದು ಹಳ್ಳಿಯವರು. ನಾಲ್ಕು ಎಕರೆ ಹೊಲ ಮಾಡುತ್ತಿದ್ದರು, ಬೇಸಿಗೆಯಲ್ಲಿ ಶಹಾಬಾದ್ ಕಡೆಯ ಕಲ್ಲಿನ ಗಣಿಗಳಲ್ಲಿ ಫರಸಿ (ಹಾಸುಗಲ್ಲು) ಎಬ್ಬಿಸಲು ಹೋಗುತ್ತಿದ್ದರು. ಅವರು ತೀರಿಕೊಂಡದ್ದು 2011ರಲ್ಲಿ. ನಾನು ಬರೆಯಲು ತೊಡಗಿದ್ದು 2014ರಲ್ಲಿ. ಆ ಮೂರು ವರ್ಷಗಳಲ್ಲಿ ಅವರೊಂದಿಗೆ ಗಣಿಯಲ್ಲಿ ದುಡಿದ ಇಬ್ಬರು ತೀರಿಹೋದರು. ಅವರಿಗೆ ಮಾತ್ರ ಗೊತ್ತಿದ್ದ ಸಂಗತಿಗಳು ನನ್ನ ಪುಸ್ತಕದಲ್ಲಿ ಇಲ್ಲ, ಇನ್ನು ಬರುವಂತೆಯೂ ಇಲ್ಲ. ಆದ್ದರಿಂದಲೇ ಮನುಷ್ಯರನ್ನು ಮೊದಲು ಕಾಣಬೇಕು, ಕಾಗದಗಳನ್ನು ಆಮೇಲೆ ಹುಡುಕಬೇಕು ಎಂಬ ಅನುಕ್ರಮವನ್ನು ನಾನು ಇಲ್ಲಿ ಒತ್ತಿ ಹೇಳುತ್ತೇನೆ. ಕಚೇರಿಯ ದಫ್ತರ ಇನ್ನೊಂದು ವರ್ಷ ಕಾಯುತ್ತದೆ, ಎಂಬತ್ತು ದಾಟಿದವರು ಕಾಯುತ್ತಾರೆಂದು ಹೇಳಲಾಗದು.

ಮೊದಲನೆಯ ಹೆಜ್ಜೆ: ಯಾರನ್ನು ಕೇಳಬೇಕೆಂದು ಪಟ್ಟಿ ಮಾಡುವುದು

ಒಂದು ನೋಟುಪುಸ್ತಕದಲ್ಲಿ ಮುತ್ಯಾನನ್ನು ಬಲ್ಲವರ ಹೆಸರುಗಳನ್ನು ಸಂಬಂಧದ ಹತ್ತಿರ-ದೂರ ನೋಡದೆ ವಯಸ್ಸಿನ ಕ್ರಮದಲ್ಲಿ ಬರೆಯಿರಿ. ಹಿರಿಯರಿಂದ ಆರಂಭಿಸಿ ಕೆಳಗೆ ಇಳಿಯಿರಿ. ಆಯಿ, ಅಂದರೆ ಅಜ್ಜಿ, ಇದ್ದರೆ ಅವಳೇ ಮೊದಲು. ಹೊಲದಲ್ಲಿ ಮುತ್ಯಾ ಕೂರಿಗೆ (ಬಿತ್ತುವ ಸಲಕರಣೆ) ಹಿಡಿದಿದ್ದರೆ ಬೀಜ ಬಿಟ್ಟವಳು ಅವಳು, ಅವನು ದುಡಿದು ತಂದದ್ದು ಮನೆಯಲ್ಲಿ ಎಷ್ಟು ದಿನಕ್ಕೆ ಬಂತೆಂಬ ಲೆಕ್ಕ ಇಟ್ಟವಳೂ ಅವಳೇ. ಗಂಡುಮಕ್ಕಳು ಹೆಚ್ಚಾಗಿ ಹೊಲ, ಪಾಲು, ಸಾಲದ ಸಂಗತಿ ಹೇಳುತ್ತಾರೆ. ಹೆಣ್ಣುಮಕ್ಕಳು ಅವನು ಆಡಿದ ಮಾತು, ಉಣ್ಣದೆ ಇದ್ದ ದಿನ, ಅತ್ತ ದಿನ ಹೇಳುತ್ತಾರೆ. ಲಗ್ನವಾಗಿ ಬೇರೆ ಊರಿಗೆ ಹೋದ ಅತ್ತೆಯಂದಿರನ್ನು ಕೇಳದೆ ಮುಗಿಸಿದ ಪುಸ್ತಕ ಅರ್ಧ ಪುಸ್ತಕವೆಂದೇ ನನ್ನ ಎಣಿಕೆ.

ಮನೆಯ ಹೊರಗಿನವರನ್ನು ಮರೆಯಬಾರದು. ಬದುವಿನ ಆಚೆಯ ಹೊಲದವರು, ಜೊತೆಗೆ ಮುಂಬೈಗೋ ಹೈದರಾಬಾದಿಗೋ ದುಡಿಯಲು ಹೋದವರು, ಅವನು ತೊಗರಿ ಹಾಕುತ್ತಿದ್ದ ಅಡತಿ (ದಲಾಲಿ) ಅಂಗಡಿಯವರು, ಒಂದೇ ಭಜನೆ ಮೇಳದಲ್ಲಿ ಕೂತವರು, ಊರ ಹಳೆಯ ಶಿಕ್ಷಕರು, ಇವರಲ್ಲಿ ಪ್ರತಿಯೊಬ್ಬರೂ ನೀವು ಕಂಡಿರದ ಒಬ್ಬ ಮುತ್ಯಾನನ್ನು ಕಂಡಿರುತ್ತಾರೆ.

ಇನ್ನೊಬ್ಬರಿದ್ದಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಊರಿಗೆ ಬಂದು ಮನೆಮನೆಯ ವಂಶಾವಳಿ ಹೇಳಿ ಕಾಳು, ಬಟ್ಟೆ ಪಡೆಯುತ್ತಿದ್ದ ಹೆಳವರು. ಉತ್ತರ ಕರ್ನಾಟಕದ ಅನೇಕ ಮನೆತನಗಳ ಹಲವು ತಲೆಮಾರಿನ ಹೆಸರುಗಳು, ಯಾವ ಊರಿಂದ ಯಾವ ಊರಿಗೆ ಬಂದರೆಂಬ ಮಾಹಿತಿ, ಅವರ ಬಾಯಲ್ಲಿಯೂ ಅವರ ಹೊತ್ತಿಗೆಗಳಲ್ಲಿಯೂ ಉಳಿದಿದೆ. ನಿಮ್ಮ ಮನೆತನಕ್ಕೆ ಹೆಳವರು ಬರುವ ರೂಢಿ ಇದ್ದರೆ ಅವರು ಯಾವ ತಿಂಗಳು ಬರುತ್ತಾರೆಂದು ಊರಲ್ಲಿ ವಿಚಾರಿಸಿ, ಆ ದಿನ ಊರಲ್ಲಿರಿ. ಅವರು ಹೇಳಿದ್ದನ್ನು ಪೂರ್ತಿ ಧ್ವನಿಮುದ್ರಿಸಿಕೊಳ್ಳಿ, ಅವರಿಗೆ ಸಲ್ಲಬೇಕಾದ ಕಾಣಿಕೆಯನ್ನು ಮರೆಯದೆ ಕೊಡಿ.

ಎರಡನೆಯ ಹೆಜ್ಜೆ: ಕೂತು ಕೇಳುವುದು

ಮೊಬೈಲು ಸಾಕು. ಅದನ್ನು ಮಡಚಿದ ಟವೆಲಿನ ಮೇಲಿಟ್ಟು, ಕರೆ ಬರದಂತೆ ಮಾಡಿ, ಫ್ಯಾನ್ ಆರಿಸಿ, ಒಂದು ಸಲಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಕೂರಿಸಬೇಡಿ. ಧ್ವನಿಮುದ್ರಿಸುತ್ತಿದ್ದೇನೆಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಅದೇ ದಿನ ರಾತ್ರಿ ಕಡತಕ್ಕೆ ದಿನಾಂಕ ಮತ್ತು ಹೇಳಿದವರ ಹೆಸರು ಕೊಟ್ಟು, ಯಾವ ನಿಮಿಷದಲ್ಲಿ ಯಾವ ಸಂಗತಿ ಬಂತೆಂದು ನೋಟುಪುಸ್ತಕದಲ್ಲಿ ಗುರುತು ಹಾಕಿ. ಈ ಗುರುತಿಲ್ಲದ ಇಪ್ಪತ್ತು ಗಂಟೆಗಳ ಮಾತು ಆಮೇಲೆ ಯಾರ ಉಪಯೋಗಕ್ಕೂ ಬರುವುದಿಲ್ಲ.

ಪ್ರಶ್ನೆ ಹೇಗಿರಬೇಕು ಎಂಬುದರಲ್ಲಿಯೇ ಎಲ್ಲವೂ ನಿಂತಿದೆ. "ಮುತ್ಯಾ ಎಂಥ ಮನುಷ್ಯ ಇದ್ದ?" ಎಂದು ಕೇಳಿದರೆ "ಭಾಳ ಛಲೋ ಮನುಷ್ಯ" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ನಿಲ್ಲುತ್ತದೆ. ಅದರ ಬದಲು ಕೈಗೆ ಸಿಗುವ ವಸ್ತುವಿನಿಂದ, ಹೊತ್ತಿನಿಂದ, ಜಾಗದಿಂದ ಆರಂಭಿಸಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಿದ್ದ, ಎದ್ದವನೇ ಮೊದಲು ಎಲ್ಲಿಗೆ ಹೋಗುತ್ತಿದ್ದ, ಹೊಲಕ್ಕೆ ಬುತ್ತಿ ಯಾರು ಒಯ್ಯುತ್ತಿದ್ದರು, ಬುತ್ತಿಯಲ್ಲಿ ರೊಟ್ಟಿ ಎಷ್ಟು, ಜೊತೆಗೆ ಏನು, ಹೊದೆಯುತ್ತಿದ್ದ ಕಂಬಳಿ ಯಾವ ಸಂತೆಯದು, ಎತ್ತುಗಳ ಹೆಸರೇನು ಎಂದು ಕೇಳಿ. ನಾನು ನಮ್ಮ ಆಯಿಗೆ ಎತ್ತುಗಳನ್ನು ಎಲ್ಲಿ ಕಟ್ಟುತ್ತಿದ್ದರು ಎಂದಷ್ಟೇ ಕೇಳಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಲದಾಗಿಂದ ಬಂದ್ರಂದ್ರ ಮೊದಲ ಎತ್ತಿಗಿ ನೀರ ಕುಡಸ್ತಿದ್ರು, ಮೈ ತಿಕ್ತಿದ್ರು, ಆಮ್ಯಾಲ ತಾವು ನೀರ ಕುಡಿತಿದ್ರು. ನಾ ಚರಿಗಿ ಹಿಡಕೊಂಡು ನಿಂತೇ ಇರ್ತಿದ್ದೆ" ಎಂದಳು. ಆ ಒಂದು ಮಾತಿನಲ್ಲಿ ಅವರ ದುಡಿಮೆಯೂ ಅವಳ ಕಾಯುವಿಕೆಯೂ ಬಂದುಬಿಟ್ಟವು.

ಸುಮ್ಮನಿದ್ದ ಆ ಹೊತ್ತನ್ನು ನೀವು ತುಂಬಲು ಹೋಗಬೇಡಿ. ಅವರು ತಪ್ಪು ವರ್ಷ ಹೇಳಿದರೆ ಅಲ್ಲಿಯೇ ತಿದ್ದಬೇಡಿ. ಇಬ್ಬರು ಒಂದೇ ಘಟನೆಯನ್ನು ಬೇರೆಬೇರೆಯಾಗಿ ಹೇಳಿದರೆ ಎರಡನ್ನೂ ಹೆಸರು ಸಹಿತ ಬರೆದುಕೊಳ್ಳಿ.

ಮೂರನೆಯ ಹೆಜ್ಜೆ: ವರ್ಷಗಳನ್ನು ಗೊತ್ತುಮಾಡುವುದು

ನಮ್ಮ ಹಿರಿಯರಲ್ಲಿ ಬಹಳ ಜನರಿಗೆ ಹುಟ್ಟಿದ ದಿನಾಂಕ ಗೊತ್ತಿಲ್ಲ. ಶಾಲೆಗೆ ಹೋದವರಿಗೆ ಮಾಸ್ತರರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಮತದಾರರ ಚೀಟಿಯಲ್ಲಿನ ವಯಸ್ಸು ನೋಡಿದವರ ಅಂದಾಜು. ನನ್ನ ಮುತ್ಯಾನ ಚೀಟಿಯ ಪ್ರಕಾರ ಅವರು 1944ರಲ್ಲಿ ಹುಟ್ಟಿರಬೇಕು. ಆದರೆ 1948ರಲ್ಲಿ ಪೊಲೀಸ್ ಆಕ್ಷನ್, ಅಂದರೆ ಹೈದರಾಬಾದ್ ಸಂಸ್ಥಾನದ ಮೇಲೆ ಭಾರತದ ಸೇನಾ ಕಾರ್ಯಾಚರಣೆ, ಆದಾಗ ತಾನು ಕರು ಮೇಯಿಸಲು ಅಡವಿಗೆ ಹೋಗಿದ್ದೆ, ಅವ್ವ ಓಡಿಬಂದು ಮನೆಗೆ ಕರೆದೊಯ್ದಳು ಎಂದು ಅವರು ಎಷ್ಟೋ ಸಲ ಹೇಳಿದ್ದುಂಟು. ನಾಲ್ಕು ವರ್ಷದ ಕೂಸನ್ನು ಕರು ಮೇಯಿಸಲು ಯಾರೂ ಕಳಿಸುವುದಿಲ್ಲ. ಹತ್ತು ವರ್ಷವಾದರೂ ಆಗಿರಬೇಕು. ಹಾಗಾಗಿ 1938ರ ಸುಮಾರು ಎಂದು ನಾನು ಬರೆದಿದ್ದೇನೆ, ಹಾಗೆ ಬರೆಯಲು ಕಾರಣವನ್ನೂ ಜೊತೆಗೆ ಕೊಟ್ಟಿದ್ದೇನೆ.

ಹೀಗೆ ಊರಿಗೆಲ್ಲ ಗೊತ್ತಿರುವ ಘಟನೆಗಳನ್ನು ಗೂಟಗಳಂತೆ ನೆಟ್ಟು, ಅವುಗಳ ಹಿಂದೆ-ಮುಂದೆ ಮನೆಯ ಘಟನೆಗಳನ್ನು ಕಟ್ಟಬೇಕು. ರಜಾಕಾರರ (ನಿಜಾಮರ ಪರವಾದ ಖಾಸಗಿ ಪಡೆಯವರ) ಹಾವಳಿ ಮತ್ತು 1948ರ ಸೆಪ್ಟೆಂಬರಿನ ಪೊಲೀಸ್ ಆಕ್ಷನ್ ನಮ್ಮ ಮೂರೂ ಜಿಲ್ಲೆಗಳ ಹಿರಿಯರಿಗೆ ಮೊದಲ ಗೂಟ. ಆ ತಿಂಗಳ 13ಕ್ಕೆ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು, 17ಕ್ಕೆ ನಿಜಾಮರು ಶರಣಾದರು. ಆಮೇಲೆ 1952ರ ಮೊದಲ ಚುನಾವಣೆ, 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು, 1957ರ ಏಪ್ರಿಲಿನಲ್ಲಿ ಆಣೆ ಹೋಗಿ ನಯಾ ಪೈಸೆ ಬಂದದ್ದು, 1972ರ ಬರ, 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿ. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪವನ್ನು ಬೀದರ್ ಮತ್ತು ಆಳಂದ ಕಡೆಯ ಯಾರೂ ಮರೆತಿಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಮಹಾಪೂರ ಭೀಮಾ ತೀರದವರಿಗೆ ಮತ್ತೊಂದು ಗೂಟ. "ಕಾಕಾನ ಲಗ್ನ ಯಾವಾಗ?" ಎಂದು ಕೇಳುವ ಬದಲು "ಕಾಕಾನ ಲಗ್ನ ಬರಕ್ಕಿಂತ ಮೊದಲೋ ಆಮೇಲೋ?" ಎಂದು ಕೇಳಿ, ಉತ್ತರ ತಟ್ಟನೆ ಬರುತ್ತದೆ.

ವರ್ಷದೊಳಗಿನ ಕಾಲ ಗೊತ್ತಾಗಬೇಕಾದರೆ ಮಳೆ ನಕ್ಷತ್ರ ಕೇಳಿ. ರೈತರಿಗೆ ತಿಂಗಳಿಗಿಂತ ಅದೇ ನೆನಪಿರುತ್ತದೆ. ಮಿರಗ ಎಂದರೆ ಜೂನ್ ಮೊದಲ ವಾರದ ಕೊನೆಯಿಂದ ಮೂರನೆಯ ವಾರದವರೆಗೆ. ಉತ್ತರಿ ಮಳೆ ಎಂದರೆ ಸೆಪ್ಟೆಂಬರ್ ನಡುವಿನಿಂದ ಹದಿನಾಲ್ಕು ದಿನ. ಆಮೇಲೆ ಹಸ್ತ, ಚಿತ್ತ. "ದೊಡ್ಡಪ್ಪ ಹುಟ್ಟಿದಾಗ ಉತ್ತರಿ ಮಳಿ ಜೋರ ಹಿಡಿದಿತ್ತು" ಎಂದರೆ ನಿಮಗೆ ಎರಡು ವಾರದೊಳಗಿನ ದಿನಾಂಕವೇ ಸಿಕ್ಕಂತಾಯಿತು.

ನಾಲ್ಕನೆಯ ಹೆಜ್ಜೆ: ಸಂದೂಕದಲ್ಲಿ ಮತ್ತು ಕಚೇರಿಯಲ್ಲಿ ಇರುವ ಕಾಗದಗಳು

ಮೊದಲು ಮನೆಯ ಸಂದೂಕ ತೆರೆಯಿರಿ. ರೇಷನ್ ಕಾರ್ಡು, ಸೊಸೈಟಿ ಸಾಲದ ಪಾಸ್‌ಬುಕ್ಕು, ಅಡತಿ ಅಂಗಡಿಯ ಪಟ್ಟಿ, ಬಡ್ಡಿ ಸಾಲದ ಚೀಟಿ, ಮಕ್ಕಳ ಶಾಲೆಯ ಪ್ರಮಾಣಪತ್ರ, ಲಗ್ನಪತ್ರಿಕೆ, ಯಾವುದನ್ನೂ ಚಿಲ್ಲರೆ ಎಂದು ಬದಿಗಿಡಬೇಡಿ. ಕಲಬುರಗಿಯ ನೆಹರು ಗಂಜಿನದೋ ಬೀದರಿನ ಗಾಂಧಿ ಗಂಜಿನದೋ ಒಂದು ಹಳೆಯ ಪಟ್ಟಿ ಸಿಕ್ಕರೆ, ಆ ವರ್ಷ ಎಷ್ಟು ಚೀಲ ಬೆಳೆದ, ಕ್ವಿಂಟಲಿಗೆ ಎಷ್ಟು ಸಿಕ್ಕಿತು, ಹಮಾಲಿ, ತೂಕ, ಅಡತಿ ಕಳೆದು ಕೈಗೆ ಎಷ್ಟು ಬಂತು, ಎಲ್ಲವೂ ಅದರಲ್ಲಿರುತ್ತವೆ. ಒಂದು ವರ್ಷದ ದುಡಿಮೆಗೆ ಬಂದ ಬೆಲೆಯನ್ನು ಅಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಕಾಗದ ರೈತನ ಮನೆಯಲ್ಲಿ ಇರುವುದು ಅಪರೂಪ.

ಆಮೇಲೆ ತಹಸೀಲು ಕಚೇರಿಯ ಅಭಿಲೇಖಾಲಯ. ಹೊಲದ ಸರ್ವೆ ನಂಬರು ಗೊತ್ತಿದ್ದರೆ ಹಳೆಯ ಪಹಣಿ, ಮುಟೇಶನ್ (ಹಕ್ಕು ಬದಲಾವಣೆ) ಮತ್ತು ವಾರಸಾ ನೋಂದಣಿಗಳ ನಕಲಿಗೆ ಅರ್ಜಿ ಕೊಡಬಹುದು. ಹೈದರಾಬಾದ್ ರಾಜ್ಯದ ಕಾಲದ 1954–55ರ ಖಾಸ್ರಾ ಪಹಣಿ ಬಹಳ ಮುಖ್ಯವಾದ ದಾಖಲೆ. ಹೊಲ ಯಾರ ಹೆಸರಿನಲ್ಲಿತ್ತು, ಯಾರು ಉಳುತ್ತಿದ್ದರು ಎಂಬುದು ಅದರಲ್ಲಿರುತ್ತದೆ. ಮುತ್ಯಾ ಪರರ ಹೊಲವನ್ನು ಪಾಲಿಗೋ ಲಾವಣಿಗೋ (ಗೇಣಿಗೋ) ಮಾಡುತ್ತಿದ್ದರೆ 1950ರ ಹೈದರಾಬಾದ್ ಗೇಣಿ ಕಾಯ್ದೆಯಡಿ ರಕ್ಷಿತ ಗೇಣಿದಾರರ ಪಟ್ಟಿಯಲ್ಲಿಯೋ, 1974ರ ಭೂ ಸುಧಾರಣೆಯ ನಂತರ ಭೂ ನ್ಯಾಯಮಂಡಳಿಗೆ ಕೊಟ್ಟ ನಮೂನೆ 7ರ ಅರ್ಜಿಯಲ್ಲಿಯೋ ಅವನ ಹೆಸರು ಇರುವ ಸಾಧ್ಯತೆ ಇದೆ. ಆ ಅರ್ಜಿ ಸಿಕ್ಕರೆ ಅದರ ಕೆಳಗಿನ ಹೆಬ್ಬೆಟ್ಟಿನ ಗುರುತನ್ನು ಪುಸ್ತಕದಲ್ಲಿ ಅಚ್ಚು ಮಾಡಿ.

ಜಿಲ್ಲೆ, ತಾಲೂಕುಗಳು ಬದಲಾದದ್ದನ್ನು ನೆನಪಿನಲ್ಲಿಡಿ. ಯಾದಗಿರಿ 2009–10ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಗುಲಬರ್ಗಾ ಜಿಲ್ಲೆಯ ಭಾಗವಾಗಿತ್ತು. ಶಹಾಬಾದ್, ಕಾಳಗಿ, ಕಮಲಾಪುರ, ಹುಣಸಗಿ, ಗುರುಮಠಕಲ್, ವಡಗೇರಾ, ಹುಲಸೂರು, ಚಿಟಗುಪ್ಪಾ ಇವೆಲ್ಲ ಇತ್ತೀಚಿನ ತಾಲೂಕುಗಳು. ಹಳೆಯ ಕಾಗದ ಹಳೆಯ ತಾಲೂಕು ಕೇಂದ್ರದಲ್ಲಿಯೇ ಉಳಿದಿರಬಹುದು.

1956ಕ್ಕಿಂತ ಹಿಂದಿನ ಕಾಗದ ಉರ್ದುವಿನಲ್ಲಿರುವುದೇ ಹೆಚ್ಚು, ಅದೂ ಬಿಡಿಸಿ ಓದಲು ಕಷ್ಟವಾದ ಶಿಕಸ್ತ ಬರವಣಿಗೆಯಲ್ಲಿ. ಕೆಲವು ಕುಲಕರ್ಣಿ ಮನೆತನಗಳ ಲೆಕ್ಕದ ಕಾಗದ ಮರಾಠಿಯ ಹಳೆಯ ಕೈಬರಹವಾದ ಮೋಡಿ ಲಿಪಿಯಲ್ಲಿರುತ್ತದೆ. ಉರ್ದು ಮಾಧ್ಯಮದಲ್ಲಿ ಓದಿದ ನಿವೃತ್ತ ಶಿಕ್ಷಕರು, ಕಂದಾಯ ಇಲಾಖೆಯ ಹಳೆಯ ನೌಕರರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಒಂದು ಮಧ್ಯಾಹ್ನ ಅವರೊಂದಿಗೆ ಕೂತರೆ ಕೆಲಸ ಆಗುತ್ತದೆ. ಅಂಥ ಉರ್ದು ಕಾಗದದಲ್ಲಿ ವರ್ಷ ಫಸಲಿಯಲ್ಲಿ (ಕಂದಾಯದ ಲೆಕ್ಕದ ವರ್ಷದಲ್ಲಿ) ಇರುತ್ತದೆ, ತಿಂಗಳು ಆಜುರ್, ದೈ, ಬಹಮನ್ ಎಂದಿರುತ್ತದೆ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಆರಂಭವಾಗುತ್ತಿತ್ತು. ಆ ಸಂಖ್ಯೆಗೆ 590 ಕೂಡಿಸಿದರೆ ಆರಂಭದ ಇಸವಿ, 591 ಕೂಡಿಸಿದರೆ ಜನವರಿಯ ನಂತರದ ಇಸವಿ ಸಿಗುತ್ತದೆ. ಫಸಲಿ 1350 ಎಂದರೆ 1940–41. ಹಣ ಹಾಲಿ ಸಿಕ್ಕಾದಲ್ಲಿದ್ದರೆ (ನಿಜಾಮರ ನಾಣ್ಯದಲ್ಲಿದ್ದರೆ) ಏಳು ಹಾಲಿ ರೂಪಾಯಿಗೆ ಸುಮಾರು ಆರು ಕಲದಾರ (ಬ್ರಿಟಿಷ್ ಇಂಡಿಯಾದ) ರೂಪಾಯಿ ಎಂದು ಲೆಕ್ಕ ಹಿಡಿಯಿರಿ.

ಫೋಟೋ ವಿಷಯದಲ್ಲಿ ಎರಡೇ ಮಾತು. ಬಾಗಿಲ ನೆರಳಿನ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ ಮೊಬೈಲಿನಲ್ಲಿ ನಕಲು ತೆಗೆಯಿರಿ. ಹಿಂಬದಿಯಲ್ಲಿ ಯಾರು ಯಾರೆಂದು ಸೀಸದ ಕಡ್ಡಿಯಿಂದ ಮೆಲ್ಲಗೆ ಬರೆಯಿರಿ, ಬಾಲ್‌ಪೆನ್ನು ಬೇಡ.

ಐದನೆಯ ಹೆಜ್ಜೆ: ದುಡಿಮೆಯನ್ನು ಬಿಡಿಸಿ ಬರೆಯುವುದು

ಇಡೀ ಕೆಲಸದ ತಿರುಳು ಇಲ್ಲಿದೆ, ಹೆಚ್ಚಿನ ಸಮಯವನ್ನು ಇಲ್ಲಿಯೇ ಕೊಡಬೇಕು. "ಹಗಲಿರುಳು ದುಡಿದರು" ಎಂದು ಬರೆದರೆ ಓದುವ ಮೊಮ್ಮಗಳ ಕಣ್ಣಿಗೆ ಏನೂ ಕಾಣುವುದಿಲ್ಲ. ದುಡಿಮೆ ಎಂಬುದು ನೂರಾರು ಬೇರೆಬೇರೆ ಕೆಲಸಗಳ ಮೊತ್ತ. ಪ್ರತಿಯೊಂದಕ್ಕೂ ಒಂದು ಹೆಸರಿದೆ, ಒಂದು ಸಲಕರಣೆಯಿದೆ, ಒಂದು ಕಾಲವಿದೆ, ದೇಹದ ಒಂದು ಭಾಗದಲ್ಲಿ ಒಂದು ನೋವಿದೆ.

ಒಂದು ವರ್ಷದ ಚಕ್ರವನ್ನು ಆರಿಸಿಕೊಳ್ಳಿ. ಬೇಸಿಗೆಯಲ್ಲಿ ರೆಂಟೆ ಹೊಡೆದು ಹೊಲ ಬಿಡುವುದು, ಆಮೇಲೆ ಕುಂಟೆ, ಮಿರಗ ಬಿದ್ದ ಮೇಲೆ ತೊಗರಿ, ಹೆಸರು, ಉದ್ದು ಬಿತ್ತುವುದು, ಎಡೆ ಹೊಡೆಯುವುದು, ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿಯುವುದು, ಉತ್ತರಿ-ಹಸ್ತದಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುವುದು, ಎಳ್ಳ ಅಮಾವಾಸ್ಯೆಗೆ ಚರಗ (ಹೊಲಕ್ಕೆ ಅರ್ಪಿಸುವ ಎಡೆ) ಚೆಲ್ಲುವುದು, ಹಕ್ಕಿ ಕಾಯುವುದು, ಸೀತನಿ (ಎಳೆಯ ಜೋಳದ ತೆನೆ) ಸುಡುವುದು, ಜೋಳ ಕಿತ್ತು ಕಣ ಮಾಡಿ ಹಂತಿ ಕಟ್ಟಿ (ತೆನೆ ತುಳಿಸಲು ಎತ್ತು ಕಟ್ಟಿ) ರಾಶಿ ಮಾಡುವುದು, ನೆಲದೊಳಗಿನ ಹಗೇವಿಗೆ ತುಂಬುವುದು. ಇದನ್ನೆಲ್ಲ ಅವನು ಹೇಗೆ ಮಾಡುತ್ತಿದ್ದ ಎಂದು ಕೇಳುತ್ತ ಹೋಗಿ. ಎರಡು ತಾಳಿನ ಕೂರಿಗೆಯೋ ಮೂರು ತಾಳಿನದೋ? ಎತ್ತು ಎರಡೂ ಸ್ವಂತದವೋ, ಒಂದು ಸ್ವಂತದ್ದು ಇನ್ನೊಂದು ಮತ್ತೊಬ್ಬರದು ಸೇರಿಸಿ ಬೇಸಾಯ ಮಾಡುತ್ತಿದ್ದರೋ? ದೇವಣಿ ಎತ್ತುಗಳೋ ಕಿಲಾರಿಯೋ? ಹಂತಿ ಹೊಡೆಯುವಾಗ ರಾತ್ರಿ ಹಾಡುತ್ತಿದ್ದನೋ? ಹಾಡಿನ ಒಂದೆರಡು ಸಾಲು ಯಾರಿಗಾದರೂ ನೆನಪಿದ್ದರೆ ಅದನ್ನು ಅವರ ಧ್ವನಿಯಲ್ಲಿಯೇ ಹಿಡಿದಿಡಿ. ಈ ಪದಗಳಲ್ಲಿ ಅರ್ಧದಷ್ಟು ಟ್ರಾಕ್ಟರು ಬಂದ ಮೇಲೆ ಮನೆಯ ಮಾತಿನಿಂದ ಹೋಗಿವೆ, ಆದ್ದರಿಂದ ಪುಸ್ತಕದ ಕೊನೆಗೆ ಅವುಗಳ ಅರ್ಥ ಕೊಡಿ.

ಎಲ್ಲ ಮುತ್ಯಾಂದಿರೂ ಹೊಲ ಮಾಡಿದವರಲ್ಲ. ಕಲಬುರಗಿಯ ಎಂ.ಎಸ್.ಕೆ. ಬಟ್ಟೆ ಮಿಲ್ಲಿನಲ್ಲಿ ಪಾಳಿ ಮಾಡಿದವರು, ವಾಡಿಯ ರೈಲ್ವೆಯಲ್ಲಿ ದುಡಿದವರು, ಸಿಮೆಂಟ್ ಕಾರ್ಖಾನೆಗೆ ಹೋದವರು, ಬೀದರಿನಲ್ಲಿ ಬಿದರಿ ಕೆಲಸ ಮಾಡಿದವರು, ಮಗ್ಗ ನೇಯ್ದವರು, ಟಾಂಗಾ ಹೊಡೆದವರು ಇದ್ದಾರೆ. ಕೇಳುವ ಕ್ರಮ ಅದೇ. ಬಿದರಿ ಕುಶಲಕರ್ಮಿಯ ಮೊಮ್ಮಗನಾದರೆ ಸತುವು ಮತ್ತು ತಾಮ್ರದ ಎರಕದಿಂದ ಹಿಡಿದು ಬೆಳ್ಳಿ ತಂತಿ ಕೂರಿಸುವುದು, ಕೊನೆಗೆ ಕೋಟೆಯ ಮಣ್ಣಿನ ದ್ರಾವಣದಲ್ಲಿ ಪಾತ್ರೆ ಕಪ್ಪಾಗುವುದರವರೆಗೆ ಯಾವ ಹಂತ ಅವರ ಕೈಯದು ಎಂದು ಕೇಳಬೇಕು. ಆ ಕೆಲಸವನ್ನು ಈಗಲೂ ಮಾಡುವವರಿದ್ದರೆ ಹೋಗಿ ಒಂದು ದಿನ ಪಕ್ಕದಲ್ಲಿ ಕೂತು ನೋಡಿ. ನಾನು ಗಣಿಗೆ ಹೋದಾಗಲೇ ಮುತ್ಯಾನ ಬೆನ್ನು ಯಾಕೆ ಬಾಗಿತ್ತೆಂದು ತಿಳಿದದ್ದು. ಶಹಾಬಾದ್ ಕಲ್ಲು ಪದರು ಪದರಾಗಿರುತ್ತದೆ; ಪದರಿನ ಸಂದಿಗೆ ಉಳಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಸಾಗಿ, ಹಾರೆ ತೂರಿಸಿ ಇಡೀ ಫರಸಿಯನ್ನು ಒಡೆಯದಂತೆ ಎಬ್ಬಿಸಬೇಕು. ಇಷ್ಟನ್ನೂ ಬಗ್ಗಿಯೇ ಮಾಡಬೇಕು, ಅದೂ ಬಿಳಿಯ ಕಲ್ಲು ಬಿಸಿಲನ್ನು ಮುಖಕ್ಕೆ ಹೊಡೆಯುವ ಏಪ್ರಿಲ್-ಮೇ ತಿಂಗಳಲ್ಲಿ. ಕೂಲಿ ಬ್ರಾಸ್ ಲೆಕ್ಕದಲ್ಲಿ, ಅಂದರೆ 100 ಚದರ ಅಡಿಗೆ ಇಷ್ಟು ಎಂದು. ಎಬ್ಬಿಸುವಾಗ ಒಡೆದ ಕಲ್ಲು ಲೆಕ್ಕಕ್ಕೆ ಬರುತ್ತಿರಲಿಲ್ಲವೆಂದು ಅಲ್ಲಿಯ ಹಿರಿಯರೊಬ್ಬರು ಹೇಳಿದರು. ಮುತ್ಯಾ ಮನೆಯಲ್ಲಿ ತಾಟನ್ನು ಕೂಡ ಸದ್ದಾಗದಂತೆ ಇಡುತ್ತಿದ್ದುದು ನನಗೆ ಆಗ ನೆನಪಾಯಿತು.

ಆರನೆಯ ಹೆಜ್ಜೆ: ಬಾಯಿಬಿಟ್ಟು ಹೇಳದ ಪ್ರೀತಿಯನ್ನು ಗುರುತಿಸುವುದು

ಆ ತಲೆಮಾರಿನ ಗಂಡಸರು ಪ್ರೀತಿಯನ್ನು ಮಾತಿನಲ್ಲಿ ಹೇಳಿದವರಲ್ಲ. ಹಾಗಾಗಿ "ಕುಟುಂಬವತ್ಸಲ" ಎಂಬ ಪದ ಬಿಟ್ಟು, ಅವನು ಯಾರಿಗಾಗಿ ಎಲ್ಲಿಗೆ ನಡೆದ, ಏನು ತಂದ, ಏನು ಬಿಟ್ಟುಕೊಟ್ಟ ಎಂದು ಮಾತ್ರ ಕೇಳಿ. ನಾಗರಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರಲು ಯಾರು ಹೋಗುತ್ತಿದ್ದರು, ಬಂಡಿ ಕಟ್ಟಿಕೊಂಡೋ ನಡೆದೋ? ಶರಣಬಸವೇಶ್ವರ ಜಾತ್ರೆಯಿಂದಲೋ, ಬಂದೇನವಾಜರ ಉರುಸಿನಿಂದಲೋ, ಮೈಲಾಪುರದ ಮಲ್ಲಯ್ಯನ ಜಾತ್ರೆಯಿಂದಲೋ ಮಕ್ಕಳಿಗೆ ಏನು ತರುತ್ತಿದ್ದ, ವಸ್ತ್ರದ ತುದಿಗೆ ಗಂಟು ಹಾಕಿ ತಂದದ್ದನ್ನು ಯಾರ ಕೈಗೆ ಮೊದಲು ಕೊಡುತ್ತಿದ್ದ? ಯಾವ ಮಗನನ್ನು ಶಾಲೆ ಬಿಡಿಸದೆ ಇದ್ದ, ಅದಕ್ಕಾಗಿ ಹೊಲದ ಯಾವ ಕೆಲಸವನ್ನು ತಾನೊಬ್ಬನೇ ಮಾಡಿದ? ಕಾಯಿಲೆ ಬಿದ್ದ ಮಗುವನ್ನು ದವಾಖಾನೆಗೆ ಹೇಗೆ ಒಯ್ದ? ಹೊಸ ಧೋತರ ಎಷ್ಟು ವರ್ಷಕ್ಕೊಮ್ಮೆ ಕೊಂಡ?

ನನ್ನ ಅಪ್ಪ ಹೇಳಿದ್ದು ಇಷ್ಟೇ: ಏಳನೆಯ ಈಯತ್ತೆಯ ಪರೀಕ್ಷೆಯ ದಿನ ಹಳ್ಳ ಬಂದಿತ್ತು, ಮುತ್ಯಾ ಅಪ್ಪನನ್ನು ಹೆಗಲ ಮೇಲೆ ಕೂರಿಸಿಕೊಂಡು ಎದೆಮಟ್ಟದ ನೀರಿನಲ್ಲಿ ದಾಟಿಸಿದರು, ಪರೀಕ್ಷೆ ಮುಗಿಯುವವರೆಗೆ ಆಚೆ ದಂಡೆಯ ಬೇವಿನ ಮರದ ಕೆಳಗೆ ಒದ್ದೆ ಬಟ್ಟೆಯಲ್ಲಿಯೇ ಕೂತಿದ್ದರು, ಸಂಜೆ ಹಿಂತಿರುಗುವಾಗ ಪರೀಕ್ಷೆ ಹೇಗಾಯಿತೆಂದು ಕೇಳಲಿಲ್ಲ, "ಹಸಿವ್ಯಾಗ್ಯಾದೇನು?" ಎಂದು ಮಾತ್ರ ಕೇಳಿದರು. ಇದಕ್ಕೆ ನಾನು ಒಂದು ವಿಶೇಷಣವನ್ನೂ ಸೇರಿಸಲಿಲ್ಲ.

ಏಳನೆಯ ಹೆಜ್ಜೆ: ನೋವಿನ ಸಂಗತಿಗಳು

ಸಾಲ, ಅಣ್ಣತಮ್ಮಂದಿರ ಪಾಲಿನ ಜಗಳ, ಕುಡಿತ, ತೀರಿಹೋದ ಕೂಸುಗಳು, ಜೀತ. ಇವನ್ನು ಬಿಟ್ಟರೆ ಬದುಕು ಸುಳ್ಳಾಗುತ್ತದೆ. ಎಲ್ಲವನ್ನೂ ಬಿಚ್ಚಿಟ್ಟರೆ ಬದುಕಿರುವವರಿಗೆ ನೋವಾಗುತ್ತದೆ. ನನ್ನ ತೀರ್ಮಾನ ಹೀಗಿದೆ: ಮುತ್ಯಾನ ಮೇಲೆ ಬಂದ ಕಷ್ಟವನ್ನು ಮುಚ್ಚಿಡಬಾರದು, ಬದುಕಿರುವ ಇನ್ನೊಬ್ಬರ ತಪ್ಪನ್ನು ಹೆಸರು ಹಿಡಿದು ಬರೆಯಬಾರದು. ಜೀತದ ವಿಷಯದಲ್ಲಂತೂ ಸಂಕೋಚ ಬೇಡ. 1976ರ ಕಾಯ್ದೆ ಅದನ್ನು ನಿಷೇಧಿಸುವವರೆಗೆ, ಅಪ್ಪ ಮಾಡಿದ ಸಾಲಕ್ಕೆ ಎಂಟು-ಹತ್ತು ವರ್ಷದ ಮಗ ಒಡೆಯರ ಮನೆಯಲ್ಲಿ ದನ ಕಾಯಲು ನಿಂತ ಕಥೆ ನಮ್ಮ ಸೀಮೆಯ ಸಾವಿರಾರು ಮನೆಗಳಲ್ಲಿದೆ. ಅದರಿಂದ ಹೊರಬಂದು ಮನೆ ಕಟ್ಟಿದವನ ದುಡಿಮೆಯನ್ನು ಆ ಮೊದಲ ವರ್ಷಗಳನ್ನು ಹೇಳದೆ ಅಳೆಯಲಾಗದು. ಬರೆದ ಭಾಗವನ್ನು ಆಯಿಗೂ ಹಿರಿಯ ಮಕ್ಕಳಿಗೂ ಓದಿ ತೋರಿಸಿ, ಅವರು ಬೇಡವೆಂದದ್ದನ್ನು ತೆಗೆದು ಬೇರೆ ಹಾಳೆಯಲ್ಲಿ ಬರೆದು ಲಕೋಟೆಯಲ್ಲಿಡಿ.

ಎಂಟನೆಯ ಹೆಜ್ಜೆ: ಬರೆಯುವುದು

ಹುಟ್ಟಿನಿಂದ ಆರಂಭಿಸಬೇಡಿ. ಅವನು ಮೂವತ್ತು ಮೂವತ್ತೈದರ ವಯಸ್ಸಿನಲ್ಲಿ ಪೂರ್ಣ ಬಲದಲ್ಲಿ ದುಡಿಯುತ್ತಿದ್ದ ಒಂದು ದಿನವನ್ನು, ಕೋಳಿ ಕೂಗಿದಾಗಿನಿಂದ ದೀಪ ಆರಿಸುವವರೆಗೆ, ಮೂರು ನಾಲ್ಕು ಪುಟಗಳಲ್ಲಿ ಮೊದಲು ಬರೆಯಿರಿ. ಅದಾದ ಮೇಲೆ ಹಿಂದಕ್ಕೆ ಹೋಗಿ ಹುಟ್ಟು, ಮನೆತನ, ಬಾಲ್ಯ. ಮುಂದಕ್ಕೆ ಬಂದು ಲಗ್ನ, ಮಕ್ಕಳು, ಬರ, ಗುಳೆ, ಮನೆ ಕಟ್ಟಿದ್ದು, ಮುಪ್ಪು, ಕೊನೆಯ ದಿನಗಳು. ಒಟ್ಟು 25–30 ಪುಟ ಸಾಕು. ನಿಮ್ಮ ಮಾತು ಬರವಣಿಗೆಯ ಕನ್ನಡದಲ್ಲಿರಲಿ, ಅವನ ಮಾತು ಮತ್ತು ಆಯಿಯ ಮಾತು ಅವರು ಆಡಿದಂತೆಯೇ ಇರಲಿ. "ಹೋಗಬೇಕು" ಎಂದು ಅವನು ಒಂದು ದಿನವೂ ಅಂದಿಲ್ಲ, "ಹೋಗ್ಬೇಕ" ಎಂದೇ ಅಂದದ್ದು. ಔರಾದ್, ಭಾಲ್ಕಿ ಕಡೆಯವನಾದರೆ ನಡುವೆ ಮರಾಠಿ ಬಂದಿರುತ್ತದೆ, ಗುರುಮಠಕಲ್, ಸೇಡಂ ಕಡೆಯವನಾದರೆ ತೆಲುಗು ಬಂದಿರುತ್ತದೆ. ಅದನ್ನು ಶುದ್ಧಗೊಳಿಸಿದರೆ ದನಿ ಹೋಗುತ್ತದೆ. ಯಾವ ಸಂಗತಿ ಯಾರು ಹೇಳಿದ್ದು, ಯಾವುದು ಕಾಗದದಿಂದ ಬಂದದ್ದು, ಯಾವುದು ನಿಮ್ಮ ಅಂದಾಜು ಎಂಬುದು ಓದುವವರಿಗೆ ಗೊತ್ತಾಗುವಂತೆ ಬರೆಯಿರಿ.

ಒಂಬತ್ತನೆಯ ಹೆಜ್ಜೆ: ಓದುವ ದಿನ ಮತ್ತು ಪ್ರತಿಗಳು

ಪುಣ್ಯಸ್ಮರಣೆ, ಚಾಲೀಸ್ವಾ (ನಲವತ್ತನೆಯ ದಿನ), ವರ್ಷದ ತಿಥಿ, ನಿಮ್ಮ ಮನೆಯ ಪದ್ಧತಿಯಂತೆ ಎಲ್ಲರೂ ಸೇರುವ ದಿನ ಪುಸ್ತಕದ ಒಂದೇ ಒಂದು ಭಾಗವನ್ನು ಐದಾರು ನಿಮಿಷ ಓದಿ. ನಾವು ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ, ಚರಗ ಚೆಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಉಂಡ ಮೇಲೆ, ಬನ್ನಿ ಗಿಡದ ಕೆಳಗೆ ಓದಿದೆವು. ಡಿಟಿಪಿ ಮಾಡಿಸಿ ಝೆರಾಕ್ಸ್ ತೆಗೆದು ಹೊಲಿಸಿದರೆ ಖರ್ಚು ಹೆಚ್ಚಲ್ಲ. ಪ್ರತಿಯೊಬ್ಬ ಮಗನ ಮನೆಗೆ ಒಂದು, ಪ್ರತಿಯೊಬ್ಬ ಮಗಳ ಮನೆಗೂ ಒಂದು. ಧ್ವನಿಮುದ್ರಣಗಳನ್ನು ಮೂರು ಬೇರೆಬೇರೆ ಕಡೆ ಇಡಿ. ಕೊನೆಯಲ್ಲಿ ಹತ್ತು ಖಾಲಿ ಹಾಳೆ ಸೇರಿಸಿ ಹೊಲಿಸಿ, ಓದಿದವರು ತಮಗೆ ಗೊತ್ತಿದ್ದದ್ದನ್ನು ಅಲ್ಲಿ ಬರೆಯಲಿ ಎಂದು ಕೇಳಿಕೊಳ್ಳಿ, ವರ್ಷಕ್ಕೊಮ್ಮೆ ಆ ಹಾಳೆಗಳನ್ನು ನೋಡಿಬನ್ನಿ.

ನಾನು ಮೊದಲ ಪ್ರತಿಯಲ್ಲಿ 1972ರ ಬರದಲ್ಲಿ ಮೇವಿಲ್ಲದೆ ಚಂದ್ಯಾ ಎಂಬ ಎತ್ತು ಸತ್ತಿತೆಂದು ಬರೆದಿದ್ದೆ. ಅಪ್ಪ ಮತ್ತು ಕಾಕಾ ಇಬ್ಬರೂ ಹಾಗೆಯೇ ಹೇಳಿದ್ದರು. ಮುತ್ಯಾ ಅವರಿಗೆ ಹಾಗೆಂದೇ ಹೇಳಿದ್ದರಂತೆ. ದೊಡ್ಡ ಅತ್ತೆಯ ಮನೆಯ ಪ್ರತಿಯಲ್ಲಿ, ಖಾಲಿ ಹಾಳೆಯ ಮೇಲೆ, ಅವಳು ಹೇಳಿ ಮೊಮ್ಮಗಳ ಕೈಯಿಂದ ಬರೆಸಿದ ಎರಡು ಸಾಲು ಇದ್ದವು: "ಚಂದ್ಯಾ ಸತ್ತಿಲ್ಲ. ನನ್ನ ಲಗ್ನಕ್ಕ ಮಾರ್ಯಾನ, ಹುಡುಗರಿಗಿ ಹೇಳಬ್ಯಾಡಂತ ನನಗ ಆಣಿ ಹಾಕ್ಯಾನ." ಎರಡನೆಯ ಪ್ರತಿಯಲ್ಲಿ ಆ ಪುಟವನ್ನು ತಿದ್ದಿದ್ದೇನೆ.